ಗುದ್ದಿನಲ್ಲಿ ಹಿರಿಯನಾರು?

ಹೋದ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ನಾವು ಜಗುಲಿಯ ಮೇಲೆ ಅರೆಗಣ್ಣು ಮುಚ್ಚಿ ಕುಳಿತಿದ್ದಾಗ, ಮಗ್ಗುಲಲ್ಲಿಯೇ ಒಂದು ದೊಡ್ಡ ವ್ಯಾಜ್ಯ ಹುಟ್ಟಿತು. ವಾದಿ ನಮ್ಮ ಮೊಮ್ಮಗ, ಹನ್ನೊಂದು ವರ್ಷದವನು. ಪ್ರತಿವಾದಿ ಎದುರುಮನೆಯ ಹುಡುಗ, ಅವನಿಗಿಂತ ಒಂದು ವರ್ಷಕ್ಕೆ ಹಿರಿಯ. ಇಬ್ಬರೂ ಒಂದು ಮೊಬೈಲನ್ನು ನಡುವೆ ಇಟ್ಟುಕೊಂಡು ಅಮೆರಿಕಾ ದೇಶದ ಹಳೆಯ ಮುಷ್ಟಿಯುದ್ಧಗಳ ಚಿತ್ರಗಳನ್ನು ನೋಡುತ್ತಿದ್ದರು. ಎಲ್ಲರಿಗಿಂತ ಬಲವಾಗಿ ಗುದ್ದಿದವನು ಜಾರ್ಜ್ ಫೋರ್‌ಮನ್ ಎಂದು ಒಬ್ಬನ ಪಕ್ಷ. ಅಲ್ಲ, ತಲೆ ಬೋಳಿಸಿಕೊಂಡ ಅರ್ನಿ ಶೇವರ್ಸ್ ಎಂದು ಇನ್ನೊಬ್ಬನ ಪಕ್ಷ. ಮಾತು ಬೆಳೆದು ಪ್ರಯೋಗಕ್ಕೆ ಇಳಿಯುವ ಲಕ್ಷಣ ಕಾಣಲು ನಾವು ಕಣ್ಣು ತೆರೆದೆವು. “ನೀನೇ ಹೇಳು ತಾತ” ಎಂದು ಮೊಮ್ಮಗನು ನಮ್ಮನ್ನು ಮಧ್ಯಸ್ಥರನ್ನಾಗಿ ಮಾಡಿದನು.

ಮೂವತ್ತು ವರ್ಷಕಾಲ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೂ ಗುದ್ದಾಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. 1975ರಲ್ಲಿ ನಾವು ಹತ್ತು ವರ್ಷದ ಬಾಲಕರಾಗಿದ್ದಾಗ, ಪ್ರತಿದಿನ ಬೆಳಿಗ್ಗೆ ವೃತ್ತಪತ್ರಿಕೆಯನ್ನು ತಂದೆಯವರಿಗೆ ಗಟ್ಟಿಯಾಗಿ ಓದಿ ಹೇಳುವ ಕೆಲಸ ನಮ್ಮದಾಗಿತ್ತು. ಆ ವರ್ಷದ ನವರಾತ್ರಿಯ ಹೊತ್ತಿಗೆ ಮನಿಲಾ ಪಟ್ಟಣದಲ್ಲಿ ಮಹಮ್ಮದ್ ಆಲಿ ಮತ್ತು ಜೋ ಫ್ರೇಜಿಯರ್ ಎಂಬವರು ಕಾದಾಡಿದ ಸುದ್ದಿಯನ್ನು ಓದಿದೆವು. ವಾಲಿ ಸುಗ್ರೀವರನ್ನೂ ಭೀಮ ಕೀಚಕರನ್ನೂ ಕೇಳಿ ಬಲ್ಲ ಬಾಲಕನಿಗೆ, ಅಂಥ ಕಾಳಗ ಈ ಕಾಲದಲ್ಲಿಯೂ ನಡೆಯುತ್ತದೆಂಬುದೇ ಆಶ್ಚರ್ಯ. ಅಂದು ಹತ್ತಿದ ಹುಚ್ಚು ಇಂದಿಗೂ ಪೂರ್ತಿ ಬಿಟ್ಟಿಲ್ಲ.

ಈ ವ್ಯಾಜ್ಯದ ಬೆನ್ನಿಗೆ ಇನ್ನೊಂದು ಅರ್ಜಿಯೂ ಇತ್ತು. ನಮ್ಮ ಊರಿನಲ್ಲಿ ಹೊಸದಾಗಿ ತೆರೆದಿರುವ ಬಾಕ್ಸಿಂಗ್ ತರಗತಿಗೆ ತಾನೂ ಸೇರಬೇಕೆಂದು ಮೊಮ್ಮಗನು ಹಟ ಹಿಡಿದಿದ್ದನು. ಅವನ ತಾಯಿ, ಅಂದರೆ ನಮ್ಮ ಸೊಸೆ, ಸುತರಾಂ ಒಪ್ಪಿರಲಿಲ್ಲ. ತಾತನು ಮುಷ್ಟಿಯುದ್ಧದ ಪಕ್ಷ ವಹಿಸಿ ನಾಲ್ಕು ಮಾತು ಆಡಿದರೆ ತನ್ನ ಕಾರ್ಯ ಸುಲಭವಾದೀತೆಂಬುದು ಹುಡುಗನ ಲೆಕ್ಕಾಚಾರ. ನಾವು ಎಂಟು ದಿನಗಳ ವಾಯಿದೆ ಕೇಳಿದೆವು. ಆ ಎಂಟು ದಿನಗಳಲ್ಲಿ ನೋಡಿ, ಓದಿ, ಯೋಚಿಸಿ ಬರೆದುಕೊಂಡುದನ್ನು ಈಗ ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಪ್ರಮಾಣವಿಚಾರ

ಮೊದಲು ಕಾಲದ ಎಲ್ಲೆಯನ್ನು ಗೊತ್ತುಮಾಡಬೇಕು. 1962ನೆಯ ಸೆಪ್ಟೆಂಬರ್ 25ರಂದು ಷಿಕಾಗೋ ನಗರದಲ್ಲಿ ಸಾನಿ ಲಿಸ್ಟನ್ ಎಂಬಾತನು ಒಂದೇ ಸುತ್ತಿನಲ್ಲಿ ಜಗಜ್ಜಟ್ಟಿಯ ಪದವಿಯನ್ನು ಕಿತ್ತುಕೊಂಡನು. 1979ನೆಯ ಸೆಪ್ಟೆಂಬರ್ 28ರಂದು ಲಾಸ್ ವೇಗಾಸ್ ನಗರದಲ್ಲಿ ಶೇವರ್ಸನು ಲ್ಯಾರಿ ಹೋಮ್ಸ್ ಎಂಬ ಜಗಜ್ಜಟ್ಟಿಯನ್ನು ಅಂಗಾತ ಕೆಡವಿಯೂ ಸೋತನು. ಈ ಎರಡು ರಾತ್ರಿಗಳ ನಡುವಣ ಹದಿನೇಳು ವರ್ಷ ಮೂರು ದಿನಗಳಷ್ಟೇ ನಮ್ಮ ವಿಚಾರದ ಅವಧಿ. ಜಟ್ಟಿಗಳ ಪೈಕಿ ಗುರುಭಾರದವರನ್ನು, ಎಂದರೆ ‘ಹೆವಿವೇಯ್ಟ್’ ಎಂದು ಕರೆಯಲ್ಪಡುವವರನ್ನು ಮಾತ್ರ ತೆಗೆದುಕೊಂಡಿದ್ದೇವೆ. ಆ ಕಾಲದ ಕಟ್ಟಳೆಯಂತೆ 175 ಪೌಂಡು, ಅಂದರೆ ಸುಮಾರು 79 ಕಿಲೋಗ್ರಾಂ ಮೀರಿದವರೆಲ್ಲರೂ ಈ ವರ್ಗದವರು, ಮೇಲುಮಿತಿ ಎಂಬುದಿಲ್ಲ.

ಇನ್ನು ಗುದ್ದಿನ ಬಲವನ್ನು ಅಳೆಯುವ ಬಗೆ ಹೇಗೆ? ತೋಳು ದಪ್ಪವಾಗಿದ್ದಮಾತ್ರಕ್ಕೆ ಗುದ್ದು ಬಲವಾಗದು. ಬಲವು ಪಾದದಲ್ಲಿ ಹುಟ್ಟಿ, ಸೊಂಟದ ತಿರುವಿನಲ್ಲಿ ಬೆಳೆದು, ಹೆಗಲಿನಿಂದ ಹಾಯ್ದು, ಕಡೆಗೆ ಮುಷ್ಟಿಯನ್ನು ಸೇರುತ್ತದೆ. ಒನಕೆ ಹಿಡಿದು ಭತ್ತ ಕುಟ್ಟಿದ ಹೆಂಗಸರನ್ನು ಕೇಳಿದರೆ ಈ ತತ್ತ್ವವನ್ನು ನಮಗಿಂತ ಚೆನ್ನಾಗಿ ತಿಳಿಸಿಕೊಟ್ಟಾರು. ಗದ್ದಕ್ಕೆ ಬಿದ್ದ ಪೆಟ್ಟು ತಲೆಯನ್ನು ಥಟ್ಟನೆ ತಿರುಗಿಸುತ್ತದೆ, ಕಪಾಲದೊಳಗಿನ ಮೆದುಳು ಅಲುಗುತ್ತದೆ, ಪ್ರಜ್ಞೆ ತಪ್ಪುತ್ತದೆ. ಕೈಗವಸು ಹೊಡೆಯುವವನ ಬೆರಳುಗಳನ್ನು ಕಾಪಾಡುವಷ್ಟು ಹೊಡೆಸಿಕೊಳ್ಳುವವನ ಮೆದುಳನ್ನು ಕಾಪಾಡಲಾರದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು; ಮುಂದೆ ಬೇಕಾಗುತ್ತದೆ.

ತರ್ಕಶಾಸ್ತ್ರದಲ್ಲಿ ಹೇಳಿರುವ ಪ್ರಮಾಣಗಳಲ್ಲಿ ಮೂರನ್ನು ನಾವು ಆಶ್ರಯಿಸಿದೆವು. ಮೊದಲನೆಯದು ಪ್ರತ್ಯಕ್ಷ: ಆ ಕಾಳಗಗಳ ಚಿತ್ರಗಳು ಉಳಿದಿರುವುದರಿಂದ ನಮ್ಮ ಕಣ್ಣಿನಿಂದಲೇ ನೋಡಬಹುದು. ಎರಡನೆಯದು ಅನುಮಾನ: ಎದುರಾಳಿ ಉರುಳಿದನಾದರೆ ಗುದ್ದು ಬಲವಾಗಿತ್ತೆಂದು ಊಹಿಸಬಹುದು. ಆದರೆ ಇಲ್ಲಿ ಹೇತ್ವಾಭಾಸಕ್ಕೆ ಎಡೆಯುಂಟು. ದುರ್ಬಲನು ದುರ್ಬಲವಾದ ಗುದ್ದಿಗೂ ಉರುಳುತ್ತಾನೆ. ಆದಕಾರಣ ಒಬ್ಬನು ಎಷ್ಟು ಮಂದಿಯನ್ನು ಕೆಡವಿದನೆಂಬ ಸಂಖ್ಯೆಗಿಂತ ಎಂಥವರನ್ನು ಕೆಡವಿದನೆಂಬುದೇ ಮುಖ್ಯ. ಮೂರನೆಯದು ಶಬ್ದ, ಎಂದರೆ ಆಪ್ತವಾಕ್ಯ. ಈ ವಿಷಯದಲ್ಲಿ ಆಪ್ತನು ಯಾರು? ಪೆಟ್ಟು ತಿಂದವನೇ! ಪ್ರೇಕ್ಷಕನಿಗೆ ಗುದ್ದು ಕಾಣುತ್ತದೆ. ಅದರ ತೂಕ ತಿಳಿಯುವುದು ತಿಂದವನಿಗೆ.

ಐದನೆಯ ಸ್ಥಾನ: ರಾನ್ ಲೈಲ್

ಹತ್ತೊಂಬತ್ತು ಮಕ್ಕಳ ಸಂಸಾರದಲ್ಲಿ ಹುಟ್ಟಿ, ಹರೆಯದಲ್ಲಿಯೇ ಕೊಲೆಯ ಅಪರಾಧಕ್ಕಾಗಿ ಕೊಲರಾಡೊ ಪ್ರಾಂತದ ಸೆರೆಮನೆ ಸೇರಿದವನು ರಾನ್ ಲೈಲ್. ಅಲ್ಲಿಯೇ ಒಬ್ಬ ಖೈದಿಯಿಂದ ಇರಿಸಿಕೊಂಡು ಸಾಯುವ ಸ್ಥಿತಿಗೆ ಹೋಗಿ, ಶಸ್ತ್ರಚಿಕಿತ್ಸೆಯಿಂದ ಬದುಕಿಕೊಂಡನು. ಮುಷ್ಟಿವಿದ್ಯೆಯನ್ನು ಕಲಿತುದೂ ಅಲ್ಲಿಯೇ. 1969ರಲ್ಲಿ ಬಿಡುಗಡೆಯಾಗಿ, 1971ರಲ್ಲಿ ಮೂವತ್ತರ ವಯಸ್ಸಿನಲ್ಲಿ, ಇತರರು ಕಣದಿಂದ ನಿವೃತ್ತರಾಗುವ ಯೋಚನೆ ಮಾಡುವ ಹೊತ್ತಿಗೆ, ಈತನು ವೃತ್ತಿಗೆ ಇಳಿದನು.

ಈತನ ಗುದ್ದಿಗೆ ಪ್ರಮಾಣ 1976ನೆಯ ಜನವರಿ 24ರಂದು ಲಾಸ್ ವೇಗಾಸಿನಲ್ಲಿ ಫೋರ್‌ಮನ್ನನೊಡನೆ ನಡೆದ ಕಾಳಗ. ನಾಲ್ಕನೆಯ ಸುತ್ತಿನಲ್ಲಿ ಲೈಲನು ಫೋರ್‌ಮನ್ನನನ್ನು ಕೆಡವಿದನು. ಎದ್ದ ಫೋರ್‌ಮನ್ನನು ಲೈಲನನ್ನು ಕೆಡವಿದನು. ಸುತ್ತು ಮುಗಿಯುವ ಮೊದಲು ಲೈಲನು ಮತ್ತೊಮ್ಮೆ ಫೋರ್‌ಮನ್ನನನ್ನು ಮುಗ್ಗರಿಸಿ ಬೀಳುವಂತೆ ಹೊಡೆದನು. ಐದನೆಯ ಸುತ್ತಿನಲ್ಲಿ ಲೈಲನು ಬಿದ್ದವನು ಮತ್ತೆ ಏಳಲಿಲ್ಲ. ಫೋರ್‌ಮನ್ನನಂಥವನನ್ನು ಒಂದೇ ಸುತ್ತಿನಲ್ಲಿ ಎರಡು ಬಾರಿ ನೆಲಕ್ಕೆ ಹಾಕಿದವನಿಗೆ ಐವರಲ್ಲಿ ಒಂದು ಸ್ಥಾನವನ್ನು ಕೊಡದಿರುವುದು ಅನ್ಯಾಯವಾದೀತು. ಈತನು ಮುಪ್ಪಿನಲ್ಲಿ ಡೆನ್ವರ್ ಪಟ್ಟಣದ ಹುಡುಗರಿಗೆ ಮುಷ್ಟಿವಿದ್ಯೆಯನ್ನು ಕಲಿಸುತ್ತಿದ್ದು 2011ರಲ್ಲಿ ತೀರಿಕೊಂಡನು.

ನಾಲ್ಕನೆಯ ಸ್ಥಾನ: ಜೋ ಫ್ರೇಜಿಯರ್

ಫ್ರೇಜಿಯರನದು ಒಂಟಿ ಕೈಯ ಕೀರ್ತಿ. ದಕ್ಷಿಣ ಕೆರೊಲೈನಾ ಪ್ರಾಂತದ ಬಡ ಒಕ್ಕಲು ಮನೆಯಲ್ಲಿ 1944ರಲ್ಲಿ ಹುಟ್ಟಿದ ಈತನನ್ನು ಬಾಲ್ಯದಲ್ಲಿ ಒಂದು ದೊಡ್ಡ ಹಂದಿ ಅಟ್ಟಿಸಿಕೊಂಡು ಬಂದಿತು. ಓಡುತ್ತ ಬಿದ್ದು ಎಡಗೈ ಮುರಿಯಿತು. ವೈದ್ಯನಿಗೆ ಕೊಡಲು ಹಣವಿಲ್ಲದೆ ಕೈ ತಾನಾಗಿಯೇ ಕೂಡಿಕೊಂಡಿತು. ಆದರೆ ಮೊಣಕೈ ಮತ್ತೆಂದೂ ಪೂರ್ತಿಯಾಗಿ ನೀಳವಾಗಲಿಲ್ಲ. ಇಂಗ್ಲಿಷಿನವರು ‘ಹುಕ್’ ಎಂದು ಕರೆಯುವ, ಪಕ್ಕದಿಂದ ಕೊಕ್ಕೆಯಂತೆ ಬಾಗಿ ಬರುವ ಗುದ್ದಿಗೆ ಬೇಕಾದ ಬಾಗು ಹೀಗೆ ಆ ಕೈಗೆ ಹುಟ್ಟಾ ಬಂದಂತಾಯಿತು. ದೈವವು ಒಂದು ಬಾಗಿಲನ್ನು ಮುಚ್ಚುವಾಗ ಕೈಯಲ್ಲಿ ಒಂದು ಸುತ್ತಿಗೆಯನ್ನು ಕೊಟ್ಟಿತೆಂದು ಹೇಳಬಹುದು. ಮುಂದೆ ಫಿಲಡೆಲ್ಫಿಯಾ ನಗರದ ಕಸಾಯಿಖಾನೆಯಲ್ಲಿ ದುಡಿಯುತ್ತಿದ್ದಾಗ ತೂಗುಹಾಕಿದ ಮಾಂಸದ ತುಂಡುಗಳನ್ನೇ ಗುದ್ದಿ ಅಭ್ಯಾಸ ಮಾಡಿದನು. 1964ರಲ್ಲಿ ಟೋಕಿಯೋ ಒಲಿಂಪಿಕ್ ಪಂದ್ಯದಲ್ಲಿ ಚಿನ್ನದ ಪದಕ ಗೆದ್ದನು.

1971ನೆಯ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಈತನೂ ಆಲಿಯೂ ಹದಿನೈದು ಸುತ್ತು ಸೆಣಸಿದರು. ಅದುವರೆಗೆ ಇಬ್ಬರೂ ಸೋಲನ್ನೇ ಕಂಡವರಲ್ಲ. ಕಡೆಯ ಸುತ್ತಿನಲ್ಲಿ ಆ ಬಾಗಿದ ಎಡಗೈ ಬೀಸಿ ಬಂದು ಆಲಿಯ ದವಡೆಗೆ ತಗುಲಿತು. ಆಲಿ ಅಂಗಾತ ಬಿದ್ದನು. ಮರುಕ್ಷಣದಲ್ಲಿಯೇ ಎದ್ದನಾದರೂ ಗೆಲುವು ಫ್ರೇಜಿಯರನದಾಯಿತು. ಕಾಳಗ ಮುಗಿದಾಗ ಆಲಿಯ ದವಡೆ ಊದಿತ್ತು. ಆಸ್ಪತ್ರೆಗೆ ಹೋಗಿ ತೋರಿಸಬೇಕಾಯಿತು. ಗೆದ್ದ ಫ್ರೇಜಿಯರನೂ ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿ ಮಲಗಿದನು.

ಹಾಗಿದ್ದೂ ನಾಲ್ಕನೆಯ ಸ್ಥಾನವೇಕೆ? ಈತನ ಬಲಗೈ ಎಡಗೈಯ ಸಮವಾಗಿರಲಿಲ್ಲ. ಮತ್ತು ಈತನ ಗೆಲುವುಗಳಲ್ಲಿ ಒಂದೇ ಏಟಿನ ಪ್ರಭಾವಕ್ಕಿಂತ ಜಡಿಮಳೆಯಂತೆ ಬಿಡದೆ ಸುರಿದ ಏಟುಗಳ ಪ್ರಭಾವ ಹೆಚ್ಚು.

ಮೂರನೆಯ ಸ್ಥಾನ: ಸಾನಿ ಲಿಸ್ಟನ್

ಲಿಸ್ಟನ್ನನು ಹುಟ್ಟಿದ ತಾರೀಖನ್ನು ಖಚಿತವಾಗಿ ಬಲ್ಲವರಿಲ್ಲ. ಅರ್ಕನ್ಸಾ ಪ್ರಾಂತದಲ್ಲಿ ಪರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಬಡವನ ಮಗನಾದ ಈತನಿಗೆ ಓದುಬರಹ ಬರಲಿಲ್ಲ. ತಂದೆಯಿಂದ ಬಂದುದು ಬರಿಯ ಹೊಡೆತ. ಕಳ್ಳತನ ದರೋಡೆಗಳಿಗಾಗಿ ಮಿಸೂರಿ ಪ್ರಾಂತದ ಸೆರೆಮನೆ ಸೇರಿದಾಗ, ಅಲ್ಲಿಯ ಪಾದ್ರಿಯ ಪ್ರೋತ್ಸಾಹದಿಂದ ಮುಷ್ಟಿಯುದ್ಧವನ್ನು ಕಲಿತನು. ಎತ್ತರ ಆರಡಿ ಒಂದಂಗುಲ; ಚಾಚಿದ ಎರಡು ತೋಳುಗಳ ಅಳತೆ 84 ಅಂಗುಲ, ಅಂದರೆ ಸರಿಯಾಗಿ ಏಳಡಿ; ಮುಷ್ಟಿಯ ಸುತ್ತಳತೆ 15 ಅಂಗುಲ! ಇತರರ ನೇರ ಎಡಗುದ್ದು ಎದುರಾಳಿಯನ್ನು ದೂರವಿಡುವುದಕ್ಕೆ. ಈತನದು ಕೆಡವುವುದಕ್ಕೇ ಸಾಕಾಗುತ್ತಿತ್ತು.

1962ರಲ್ಲಿ ಜಗಜ್ಜಟ್ಟಿಯಾಗಿದ್ದ ಫ್ಲಾಯ್ಡ್ ಪ್ಯಾಟರ್ಸನ್ನನನ್ನು 2 ನಿಮಿಷ 6 ಸೆಕೆಂಡುಗಳಲ್ಲಿ ಕೆಡವಿದನು. ಸೋತವನು ಲಜ್ಜೆಯಿಂದ ಕೃತಕವಾದ ಗಡ್ಡವನ್ನು ಅಂಟಿಸಿಕೊಂಡು ಊರು ಬಿಟ್ಟನು. 1963ರ ಜುಲೈನಲ್ಲಿ ಮತ್ತೆ ಸೆಣಸಿದಾಗ ಪ್ಯಾಟರ್ಸನ್ನನು ನಿಂತುದು 2 ನಿಮಿಷ 10 ಸೆಕೆಂಡು. ವರ್ಷವೊಂದರ ಸಾಧನೆಯ ಫಲ ನಾಲ್ಕು ಸೆಕೆಂಡೆಂದರೆ ಆ ಗುದ್ದಿನ ಮಹಿಮೆಯನ್ನು ಊಹಿಸಬಹುದು. 1970ರಲ್ಲಿ, ತನ್ನ ಕಡೆಯ ಕಾಳಗದಲ್ಲಿ, ಚಕ್ ವೆಪ್ನರ್ ಎಂಬಾತನ ಮುಖವನ್ನು ಹೇಗೆ ಮಾಡಿದನೆಂದರೆ, ಆತನಿಗೆ ಎಪ್ಪತ್ತಕ್ಕೂ ಹೆಚ್ಚು ಹೊಲಿಗೆ ಹಾಕಬೇಕಾಯಿತು. ತರುಣ ಫೋರ್‌ಮನ್ನನು ಲಿಸ್ಟನ್ನನೊಡನೆ ಅಭ್ಯಾಸದ ಕಾಳಗವಾಡಿದವನು. ತನ್ನನ್ನು ಹಿಂದಕ್ಕೆ ನೂಕಿದ ಬಲಶಾಲಿ ಅವನೊಬ್ಬನೇ ಎಂದು ಮುಂದೆ ಹೇಳಿಕೊಂಡಿದ್ದಾನೆ. ಈ ಆಪ್ತವಾಕ್ಯ ಸಾಮಾನ್ಯದ್ದಲ್ಲ. 1970ರ ಡಿಸೆಂಬರ್ ಕಡೆಯಲ್ಲಿ ಲಿಸ್ಟನ್ನನು ತನ್ನ ಮನೆಯಲ್ಲಿ ಒಬ್ಬನೇ ಸತ್ತು ಬಿದ್ದಿದ್ದನು. ಪ್ರವಾಸದಿಂದ ಹಿಂದಿರುಗಿದ ಹೆಂಡತಿ ದೇಹವನ್ನು ಕಂಡುದು 1971ನೆಯ ಜನವರಿ 5ರಂದು.

ಎರಡನೆಯ ಸ್ಥಾನ: ಜಾರ್ಜ್ ಫೋರ್‌ಮನ್

ನಮ್ಮ ಮೊಮ್ಮಗನ ಪಕ್ಷದ ನಾಯಕನು ಈತನೇ. 1949ರಲ್ಲಿ ಟೆಕ್ಸಾಸ್ ಪ್ರಾಂತದಲ್ಲಿ ಹುಟ್ಟಿ, ಬಡ ತರುಣರಿಗಾಗಿ ಸರಕಾರವು ನಡೆಸುತ್ತಿದ್ದ ಕಸಬಿನ ಶಿಬಿರದಲ್ಲಿ ಮುಷ್ಟಿವಿದ್ಯೆಯನ್ನು ಕಲಿತು, 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ ಪಂದ್ಯದಲ್ಲಿ ಚಿನ್ನ ಗೆದ್ದವನು. ಅಭ್ಯಾಸದ ದೊಡ್ಡ ಚೀಲವನ್ನು ಈತನು ಗುದ್ದುವ ಚಿತ್ರವನ್ನು ನಾವು ನೋಡಿದೆವು. ಚೀಲದಲ್ಲಿ ಬಾಣಲೆ ಇಟ್ಟಂತೆ ತಗ್ಗು ಬೀಳುತ್ತಿತ್ತು.

1973ನೆಯ ಜನವರಿ 22ರಂದು ಜಮೈಕಾ ದ್ವೀಪದ ಕಿಂಗ್‌ಸ್ಟನ್ನಿನಲ್ಲಿ, ಅದುವರೆಗೆ 29 ಕಾಳಗಗಳಲ್ಲಿ ಒಮ್ಮೆಯೂ ಸೋಲದ ಫ್ರೇಜಿಯರನನ್ನು ಎರಡೇ ಸುತ್ತುಗಳೊಳಗೆ ಆರು ಬಾರಿ ಕೆಡವಿದನು. ಕಡೆಯ ಏಟಿಗೆ ಫ್ರೇಜಿಯರನ ಕಾಲುಗಳು ನೆಲವನ್ನು ಬಿಟ್ಟು ಮೇಲೆದ್ದುದನ್ನು ಚಿತ್ರದಲ್ಲಿ ಕಾಣಬಹುದು. 1974ರ ಮಾರ್ಚಿಯಲ್ಲಿ ಕರಾಕಸ್ ನಗರದಲ್ಲಿ ಕೆನ್ ನಾರ್ಟನ್ ಎಂಬಾತನನ್ನೂ ಎರಡನೆಯ ಸುತ್ತಿನಲ್ಲಿಯೇ ಮುಗಿಸಿದನು. ಈ ನಾರ್ಟನ್ನನು ಅದರ ಹಿಂದಿನ ವರ್ಷವಷ್ಟೆ ಆಲಿಯ ದವಡೆಯನ್ನು ಮುರಿದಿದ್ದವನು. ಅಲ್ಲಿಗೆ ಫೋರ್‌ಮನ್ನನ ಕಾಳಗಗಳು 40, ಗೆಲುವು 40, ಅವುಗಳಲ್ಲಿ ಅವಧಿಗೆ ಮುಂಚೆಯೇ ಮುಗಿದವು 37. ಎಂಥವರನ್ನು ಕೆಡವಿದನೆಂಬ ಪರೀಕ್ಷೆಯಲ್ಲಿ ಈತನಿಗೆ ಸಮಾನರಿಲ್ಲ.

ಈತನ ಉಳಿದ ಜೀವನವೂ ಗೃಹಸ್ಥರು ಕೇಳತಕ್ಕದ್ದೇ. 1977ರಲ್ಲಿ ಒಂದು ಸೋಲಿನ ಬಳಿಕ ಕಣವನ್ನು ಬಿಟ್ಟು ಧರ್ಮೋಪದೇಶಕನಾದನು. ಹತ್ತು ವರ್ಷಗಳ ಮೇಲೆ ಹಿಂದಿರುಗಿ, 1994ನೆಯ ನವೆಂಬರ್ 5ರಂದು, ತನ್ನ 45ನೆಯ ವಯಸ್ಸಿನಲ್ಲಿ ಮತ್ತೆ ಜಗಜ್ಜಟ್ಟಿಯಾದನು. ಐವರು ಗಂಡುಮಕ್ಕಳಿಗೂ ಜಾರ್ಜ್ ಎಂದೇ ಹೆಸರಿಟ್ಟನು. ಒಂದು ಅಡಿಗೆಯ ಯಂತ್ರಕ್ಕೆ ತನ್ನ ಹೆಸರನ್ನು ಕೊಟ್ಟು, ಮುಷ್ಟಿಯಿಂದ ಗಳಿಸಿದುದಕ್ಕಿಂತ ಹೆಚ್ಚಿನ ಹಣವನ್ನು ಅಡಿಗೆಮನೆಯಿಂದ ಗಳಿಸಿದನು. 2025ನೆಯ ಮಾರ್ಚ್ 21ರಂದು ಕಾಲವಾದನು.

ಮೊದಲನೆಯ ಸ್ಥಾನ: ಅರ್ನಿ ಶೇವರ್ಸ್

ಎದುರುಮನೆಯ ಹುಡುಗನು ಗೆದ್ದನು. ಆದರೆ ಸುಲಭವಾಗಿ ಗೆಲ್ಲಲಿಲ್ಲ. ಈ ತೀರ್ಪನ್ನು ನಾವು ಎರಡು ಬಾರಿ ತಿದ್ದಿ ಬರೆದೆವು.

ಶೇವರ್ಸನು 1944ರಲ್ಲಿ ಅಲಬಾಮಾ ಪ್ರಾಂತದಲ್ಲಿ ಹುಟ್ಟಿ ಓಹಾಯೋ ಪ್ರಾಂತದಲ್ಲಿ ಬೆಳೆದವನು. ಬಾಲ್ಯದಿಂದ ಹೊಲದ ಕೆಲಸದಲ್ಲಿ ಪಳಗಿದ ಮೈ. ಮುಷ್ಟಿವಿದ್ಯೆಗೆ ಕೈಯಿಟ್ಟುದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಎತ್ತರ ಆರಡಿ, ತೂಕ ಸುಮಾರು 210 ಪೌಂಡು. ಈತನಿಗೆ ವಿರೋಧವಾಗಿ ಹೇಳತಕ್ಕದ್ದು ಬೇಕಾದಷ್ಟಿದೆ. ಒಮ್ಮೆಯೂ ಜಗಜ್ಜಟ್ಟಿಯಾಗಲಿಲ್ಲ. ಆರಂಭದಲ್ಲಿ ಕೆಡವಿದವರಲ್ಲಿ ಅನೇಕರು ಸಾಮಾನ್ಯರು. ಐದಾರು ಸುತ್ತುಗಳಾದ ಮೇಲೆ ಏದುಸಿರು ಬರುತ್ತಿತ್ತು. 1973ರಲ್ಲಿ ಜೆರಿ ಕ್ವಾರಿ ಎಂಬಾತನ ಕೈಯಲ್ಲಿ ಒಂದೇ ಸುತ್ತಿಗೆ ಸೋತನು. ಇವೆಲ್ಲವೂ ನಿಜ. ಆದರೆ ನಮ್ಮ ಪ್ರಶ್ನೆ ಉತ್ತಮ ಜಟ್ಟಿ ಯಾರೆಂಬುದಾಗಿರಲಿಲ್ಲ. ಒಂದು ಗುದ್ದಿನ ತೂಕ ಯಾರದು ಹೆಚ್ಚು ಎಂಬುದಾಗಿತ್ತು.

ಸಾಕ್ಷಿಗಳನ್ನು ಕರೆಯೋಣ. ಜಗಜ್ಜಟ್ಟಿಯಾಗಿದ್ದ ಜಿಮ್ಮಿ ಎಲ್ಲಿಸನನ್ನು 1973ರಲ್ಲಿ ಒಂದೇ ಸುತ್ತಿನಲ್ಲಿ ಕೆಡವಿದನು. ಫೋರ್‌ಮನ್ನನು ಎರಡು ಸುತ್ತುಗಳಲ್ಲಿ ಮುಗಿಸಿದ ನಾರ್ಟನ್ನನನ್ನು 1979ರ ಮಾರ್ಚಿಯಲ್ಲಿ ಈತನು ಒಂದರಲ್ಲಿಯೇ ಮುಗಿಸಿದನು. ಆಗ್ಗೆ ನಾರ್ಟನ್ನನಿಗೆ ವಯಸ್ಸಾಗಿತ್ತೆಂಬ ಆಕ್ಷೇಪವನ್ನು ಒಪ್ಪೋಣ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಏಳನೆಯ ಸುತ್ತಿನಲ್ಲಿ, ಹೋಮ್ಸನು ಈತನ ಬಲಗೈಯ ಒಂದೇ ಏಟಿಗೆ ಬುಡ ಕಡಿದ ಬಾಳೆಯಂತೆ ಬಿದ್ದನು. ಎದ್ದು ನಿಂತು ಹನ್ನೊಂದನೆಯ ಸುತ್ತಿನಲ್ಲಿ ಗೆದ್ದುದು ಹೋಮ್ಸನ ದೊಡ್ಡತನ. ಮುಂದೆ 1988ರಲ್ಲಿ ಮೈಕ್ ಟೈಸನ್ನನ ಗುದ್ದಿನ ರುಚಿಯನ್ನೂ ಕಂಡ ಈ ಹೋಮ್ಸನು, ಶೇವರ್ಸನ ಏಟೇ ಅದಕ್ಕಿಂತ ಬಲವಾದುದೆಂದು ಹೇಳಿದನು. 1975ರಲ್ಲಿ ಶೇವರ್ಸನಿಂದ ನೆಲಕ್ಕೆ ಬಿದ್ದೂ ಎದ್ದು ಗೆದ್ದ ಲೈಲನು, ನಾಲ್ಕು ತಿಂಗಳ ಮೇಲೆ ಫೋರ್‌ಮನ್ನನ ಏಟುಗಳನ್ನೂ ತಿಂದನಷ್ಟೆ. ಇಬ್ಬರನ್ನೂ ತೂಗಿ ನೋಡಿ ಅವನು ಮೊದಲ ಸ್ಥಾನವನ್ನು ಕೊಟ್ಟುದು ಶೇವರ್ಸನಿಗೆ.

ಒಂದು ವಿನೋದದ ಪ್ರಸಂಗವೂ ಉಂಟು. ಮುಷ್ಟಿಯುದ್ಧದ ಕಥೆಯುಳ್ಳ ಒಂದು ಚಲನಚಿತ್ರದಲ್ಲಿ ಪಾತ್ರ ಕೊಡುವ ಸಲುವಾಗಿ ಶೇವರ್ಸನನ್ನು ಪರೀಕ್ಷಿಸಲು, ಸಿಲ್ವೆಸ್ಟರ್ ಸ್ಟಲೋನ್ ಎಂಬ ಪ್ರಸಿದ್ಧ ನಟನು ಆತನೊಡನೆ ಕಣಕ್ಕಿಳಿದು, ಸಂಕೋಚವಿಲ್ಲದೆ ನಿಜವಾಗಿಯೇ ಹೊಡೆಯೆಂದು ಕೇಳಿಕೊಂಡನಂತೆ. ಪಕ್ಕೆಗೆ ಒಂದು ಬಿದ್ದಿತು. ನಟನು ಬಚ್ಚಲಿಗೆ ಓಡಿದನು. ಶೇವರ್ಸನಿಗೆ ಪಾತ್ರ ಸಿಕ್ಕಲಿಲ್ಲ.

ಶೇವರ್ಸನು 2022ನೆಯ ಸೆಪ್ಟೆಂಬರ್ 1ರಂದು ತೀರಿಕೊಂಡನು.

ಐವರನ್ನೂ ಬಲ್ಲ ಸಾಕ್ಷಿ

ತೀರ್ಪನ್ನು ಓದಿ ಹೇಳಿದಾಗ ಎದುರುಮನೆಯ ಹುಡುಗನು ಕುಣಿದಾಡಿದನು. ಮೊಮ್ಮಗನು ಮುಖ ಸಪ್ಪೆ ಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ಕೇಳಿದನು: “ತಾತ, ಈ ಐದು ಜನರ ಹತ್ತಿರವೂ ಪೆಟ್ಟು ತಿಂದವರು ಯಾರಾದರೂ ಇದ್ದಾರೆಯೇ? ಅವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರಲ್ಲ?” ಪಾಠಶಾಲೆಯಲ್ಲಿ ಇಂಥ ಪ್ರಶ್ನೆಯನ್ನು ಕೇಳುವ ಹುಡುಗ ಹತ್ತು ವರ್ಷಕ್ಕೊಬ್ಬನು ಸಿಕ್ಕಿದರೆ ಹೆಚ್ಚು. ನಾವು ನಿಜವಾಗಿಯೂ ಸಂತೋಷಪಟ್ಟೆವು. ಸಂತೋಷವು ಬಹಳ ಹೊತ್ತು ನಿಲ್ಲಲಿಲ್ಲ.

ಅಂಥ ಸಾಕ್ಷಿ ಒಬ್ಬನಿದ್ದನು. ಅವನೇ ಮಹಮ್ಮದ್ ಆಲಿ. ಲಿಸ್ಟನ್ನನೊಡನೆ 1964 ಮತ್ತು 1965ರಲ್ಲಿ ಎರಡು ಬಾರಿ, ಫ್ರೇಜಿಯರನೊಡನೆ 1971, 1974, 1975ರಲ್ಲಿ ಮೂರು ಬಾರಿ, ಫೋರ್‌ಮನ್ನನೊಡನೆ 1974ರಲ್ಲಿ, ಲೈಲನೊಡನೆ 1975ರಲ್ಲಿ, ಶೇವರ್ಸನೊಡನೆ 1977ರಲ್ಲಿ, ಅಂತು ಎಂಟು ಕಾಳಗಗಳಲ್ಲಿ ಈ ಐವರನ್ನೂ ಎದುರಿಸಿದನು. 1971ರ ಒಂದನ್ನು ಬಿಟ್ಟು ಉಳಿದ ಏಳನ್ನೂ ಗೆದ್ದನು. ಹಳೆಯ ಅಭ್ಯಾಸದಂತೆ ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಅರೆ ಮುಗಿದವೂ ಸೇರಿ ಒಟ್ಟು 82 ಸುತ್ತುಗಳು. ಸುತ್ತಿಗೆ ಮೂರು ನಿಮಿಷದಂತೆ ಸುಮಾರು ನಾಲ್ಕು ಗಂಟೆ. ಆ ಕಾಲದ ಐದು ಮಹಾಮುಷ್ಟಿಗಳ ಮುಂದೆ ಒಬ್ಬ ಮನುಷ್ಯನು ನಾಲ್ಕು ಗಂಟೆಗಳ ಕಾಲ ನಿಂತಿದ್ದನು!

ಹೇಗೆ ನಿಂತನೆಂಬುದನ್ನು ಸ್ವಲ್ಪ ನೋಡೋಣ. ತಾರುಣ್ಯದಲ್ಲಿ ಕಾಲುಗಳ ಚುರುಕಿನಿಂದ ಗುದ್ದುಗಳನ್ನು ತಪ್ಪಿಸಿಕೊಳ್ಳುತ್ತಿದ್ದನು. ಕಾಲು ನಿಧಾನವಾದ ಮೇಲೆ ತಪ್ಪಿಸಿಕೊಳ್ಳುವುದಕ್ಕೆ ಬದಲು ತಾಳಿಕೊಳ್ಳುವ ಮಾರ್ಗವನ್ನು ಹಿಡಿದನು. 1974ನೆಯ ಅಕ್ಟೋಬರ್ 30ರಂದು ಆಫ್ರಿಕಾ ಖಂಡದ ಕಿನ್ಷಾಸಾ ನಗರದಲ್ಲಿ, ಕಣದ ಹಗ್ಗಕ್ಕೆ ಒರಗಿ, ಮುಖಕ್ಕೆ ತೋಳುಗಳನ್ನು ಅಡ್ಡ ಹಿಡಿದು, ಫೋರ್‌ಮನ್ನನ ಗುದ್ದುಗಳನ್ನು ಸುತ್ತಿನ ಮೇಲೆ ಸುತ್ತು ತೋಳಿನ ಮೇಲೂ ಪಕ್ಕೆಯ ಮೇಲೂ ತೆಗೆದುಕೊಂಡನು. ಹೊಡೆದು ಹೊಡೆದು ದಣಿದ ಫೋರ್‌ಮನ್ನನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದನು. ಮನಿಲಾದಲ್ಲಿ ಹದಿನಾಲ್ಕು ಸುತ್ತುಗಳಾದ ಮೇಲೆ, ಕಣ್ಣು ಮುಚ್ಚಿಹೋಗಿದ್ದ ಫ್ರೇಜಿಯರನನ್ನು ಅವನ ಗುರು ಎಡ್ಡಿ ಫಚ್ ಎಂಬಾತನು ಮುಂದೆ ಆಡಗೊಡದೆ ತಡೆದನು. ನಾವು ಬಾಲ್ಯದಲ್ಲಿ ತಂದೆಯವರಿಗೆ ಓದಿ ಹೇಳಿದುದು ಆ ಸುದ್ದಿಯನ್ನೇ. ಆ ಗುರುವಿನ ಹೆಸರು ಅಂದು ನಮ್ಮ ಮನಸ್ಸಿಗೆ ತಾಕಿರಲಿಲ್ಲ. ಆ ದಿನ ಅಲ್ಲಿದ್ದವರಲ್ಲಿ ಅತ್ಯಂತ ವಿವೇಕಿ ಅವನೇ ಎಂದು ಈಗ ತೋರುತ್ತದೆ.

1977ನೆಯ ಸೆಪ್ಟೆಂಬರ್ 29ರಂದು ಆಲಿ ಶೇವರ್ಸನೆದುರು ಹದಿನೈದು ಸುತ್ತು ನಿಂತನು. ಎರಡನೆಯ ಸುತ್ತಿನಲ್ಲಿಯೇ ಒಂದು ಬಲಗುದ್ದು ತಗುಲಿ ಆಲಿಯ ಮೊಣಕಾಲು ಕುಸಿಯಿತು. ನಟನಾಚತುರನಾದ ಆಲಿ, ಪೆಟ್ಟು ತಗುಲಿದವನಂತೆ ನಟಿಸುತ್ತಿರುವೆನೆಂದು ಕಾಣಿಸಿಕೊಂಡನು. ಶೇವರ್ಸನು ಅದನ್ನು ನಂಬಿ ಹಿಂಜರಿದನು. ಬಲವಾದ ಪೆಟ್ಟು ತಿಂದವನು, ಪೆಟ್ಟು ತಿಂದವನಂತೆ ನಟಿಸಿ, ಪೆಟ್ಟು ತಿಂದಿಲ್ಲವೆಂದು ನಂಬಿಸಿದುದು ಜಗತ್ತಿನಲ್ಲಿ ಅದೊಂದೇ ಸಲವಿದ್ದೀತು. ತೀರ್ಪು ಆಲಿಯ ಕಡೆಗಾಯಿತು. ಆ ಏಟುಗಳು ಆಫ್ರಿಕಾದಲ್ಲಿರುವ ತನ್ನ ನೆಂಟರನ್ನೂ ಅಲುಗಿಸಿದುವೆಂದು ಆತನು ತಮಾಷೆ ಮಾಡಿದನು. ನಮ್ಮ ಮೊದಲ ಸ್ಥಾನಕ್ಕೆ ಇದಕ್ಕಿಂತ ಪ್ರಬಲವಾದ ಆಪ್ತವಾಕ್ಯ ಇನ್ನಾವುದು ಬೇಕು?

ಆದರೆ ನಗದೇ ಇದ್ದವನೊಬ್ಬನಿದ್ದನು. ಬಹುಕಾಲ ಆಲಿಯ ವೈದ್ಯನಾಗಿದ್ದ ಫರ್ಡಿ ಪಚೆಕೊ ಎಂಬಾತನು, ಆ ಕಾಳಗದ ಬಳಿಕ ಪರೀಕ್ಷೆಯ ವರದಿಯಲ್ಲಿ ಮೂತ್ರಪಿಂಡಗಳು ಕೆಡುತ್ತಿರುವ ಗುರುತನ್ನು ಕಂಡು, ಆಡುವುದನ್ನು ನಿಲ್ಲಿಸಬೇಕೆಂದು ಬರೆದು, ವರದಿಯನ್ನು ಆಲಿಗೂ ಆತನ ಪತ್ನಿಗೂ ವ್ಯವಸ್ಥಾಪಕನಿಗೂ ಕಳುಹಿಸಿದನು. ಯಾರಿಂದಲೂ ಉತ್ತರ ಬರಲಿಲ್ಲವೆಂದು ವೈದ್ಯನು ಹೇಳಿದ್ದಾನೆ. ಅವನು ಆ ಬಳಗವನ್ನು ಬಿಟ್ಟನು. ಆಲಿ ಬಿಡಲಿಲ್ಲ. 1980ರಲ್ಲಿ ಹೋಮ್ಸನ ಎದುರು ನಿಂತು ದಯನೀಯವಾಗಿ ಸೋತನು. 1981ರ ಡಿಸೆಂಬರಿನಲ್ಲಿ ಕಡೆಯ ಬಾರಿ ಆಡಿ, ಅದನ್ನೂ ಸೋತನು. 1984ರಲ್ಲಿ ಕೈ ನಡುಗುವ, ಮಾತು ತೊದಲುವ ಪಾರ್ಕಿನ್ಸನ್ ರೋಗವೆಂದು ವೈದ್ಯರು ಗುರುತಿಸಿದರು. ಆಗ ವಯಸ್ಸು 42. ಆ ರೋಗದಲ್ಲಿ ಗುದ್ದುಗಳ ಪಾಲು ಎಷ್ಟೆಂಬುದರಲ್ಲಿ ವೈದ್ಯರಲ್ಲಿ ಮತಭೇದವುಂಟು. ಆದರೆ ತಲೆಗೆ ಪದೇ ಪದೇ ಬಿದ್ದ ಪೆಟ್ಟು ಮೆದುಳನ್ನು ಕೆಡಿಸುತ್ತದೆಂಬುದರಲ್ಲಿ ಮತಭೇದವಿಲ್ಲ. ಅಮೆರಿಕೆಯ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯನು ಇದನ್ನು 1928ರಷ್ಟು ಹಿಂದೆಯೇ ಬರೆದಿದ್ದನು. ಶೇವರ್ಸನನ್ನು ಒಂದೇ ಸುತ್ತಿನಲ್ಲಿ ಸೋಲಿಸಿದ ಆ ಜೆರಿ ಕ್ವಾರಿಯು ಐವತ್ತು ತುಂಬುವ ಮೊದಲೇ ಬುದ್ಧಿ ಮಸುಳಿ, ಉಡುವುದಕ್ಕೂ ಉಣ್ಣುವುದಕ್ಕೂ ಮನೆಯವರ ಕೈಯನ್ನು ಹಾರೈಸುವಂತಾಗಿ, 1999ರಲ್ಲಿ 53ನೆಯ ವಯಸ್ಸಿನಲ್ಲಿ ಸತ್ತನು. ಒಂದೇ ಸುತ್ತಿನಲ್ಲಿ ಕೆಡವಲ್ಪಟ್ಟ ಪ್ಯಾಟರ್ಸನ್ನನಿಗೂ ಎಲ್ಲಿಸನಿಗೂ ಕಡೆಗಾಲದಲ್ಲಿ ನೆನಪು ಉಳಿಯಲಿಲ್ಲ.

ನಾವು ಹುಡುಗರಿಗೆ 1996ರ ಅಟ್ಲಾಂಟಾ ಒಲಿಂಪಿಕ್ ಪಂದ್ಯದ ಆರಂಭೋತ್ಸವದ ಚಿತ್ರವನ್ನು ತೋರಿಸಿದೆವು. ಬಿಳಿಯ ಉಡುಪಿನಲ್ಲಿ ಆಲಿ ಪಂಜನ್ನು ಹಿಡಿದು ನಿಂತಿದ್ದಾನೆ. ಬಲಗೈಯಲ್ಲಿ ಪಂಜು; ಎಡಗೈ ತಡೆಯಿಲ್ಲದೆ ನಡುಗುತ್ತಿದೆ. “ಐದು ಜನರ ಸಾಕ್ಷಿ ಇವರೇ ಕಣೋ” ಎಂದೆವು. ಇಬ್ಬರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದುರುಮನೆಯ ಹುಡುಗನು, “ಇವರು ಗೆದ್ದವರಲ್ಲವೇ ತಾತ?” ಎಂದು ಮೆಲ್ಲಗೆ ಕೇಳಿದನು. ಗೆದ್ದವನೇ ಹೌದು. ಗುದ್ದಿದವರ ಲೆಕ್ಕವನ್ನು ಪತ್ರಿಕೆಗಳು ಬರೆದಿಟ್ಟುವು. ತಿಂದವನ ಲೆಕ್ಕವನ್ನು ಮೈ ಬರೆದಿಟ್ಟುಕೊಂಡಿತು. ಆಲಿ 2016ನೆಯ ಜೂನ್ 3ರಂದು ಕಾಲವಾದನು.

ಮನೆಯ ತೀರ್ಪು

ಇನ್ನು ಉಳಿದುದು ಬಾಕ್ಸಿಂಗ್ ತರಗತಿಯ ಅರ್ಜಿ. ಮುಷ್ಟಿವಿದ್ಯೆ ಕೆಟ್ಟದ್ದೆಂದು ನಾವು ಹೇಳಲಾರೆವು. ಲಿಸ್ಟನ್, ಲೈಲ್, ಫೋರ್‌ಮನ್, ಫ್ರೇಜಿಯರ್ ಮುಂತಾದವರನ್ನು ಸೆರೆಮನೆಯಿಂದಲೋ ದಾರಿದ್ರ್ಯದಿಂದಲೋ ಮೇಲಕ್ಕೆತ್ತಿದುದು ಅದೇ ವಿದ್ಯೆ. ಅದು ಕಲಿಸುವ ಉಸಿರಿನ ಹಿಡಿತ, ಕಾಲಿನ ಚುರುಕು, ಭಯವನ್ನು ಗೆಲ್ಲುವ ಬಗೆ, ಇವು ಯಾವ ಹುಡುಗನಿಗೂ ಬೇಕಾದ ಗುಣಗಳೇ. ನಮ್ಮ ಮೈಸೂರಿನ ದಸರೆಯಲ್ಲಿಯೂ ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜೆಟ್ಟಿಗಳು ವಜ್ರಮುಷ್ಟಿಯ ಕಾಳಗವಾಡುತ್ತಾರೆ. ಆದರೆ ಅಲ್ಲಿ ಒಂದು ಕಟ್ಟಳೆಯುಂಟು: ಒಬ್ಬನ ತಲೆಯಲ್ಲಿ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಆಟಕ್ಕೆ ಇಳಿಯುವ ಮೊದಲೇ ಗೊತ್ತುಮಾಡಿದ ಹಿರಿಯರು ಜಾಣರು. ಪಾಶ್ಚಾತ್ಯರೂ ತಡವಾಗಿಯಾದರೂ ಕೆಲವನ್ನು ಕಲಿತರು. 1982ರಲ್ಲಿ ಕೊರಿಯಾ ದೇಶದ ಒಬ್ಬ ತರುಣ ಜಟ್ಟಿ ಹದಿನಾಲ್ಕನೆಯ ಸುತ್ತಿನ ಪೆಟ್ಟಿನಿಂದ ಸತ್ತ ಮೇಲೆ, ಹದಿನೈದು ಸುತ್ತುಗಳ ಕಾಳಗವನ್ನು ಕ್ರಮೇಣ ಹನ್ನೆರಡಕ್ಕೆ ಇಳಿಸಿದರು.

ನಾವು ಇಷ್ಟು ಹೇಳಿ ತೀರ್ಪನ್ನು ಸೊಸೆಗೆ ಬಿಟ್ಟೆವು. ಆಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದಳು. ಮರುದಿನ ಸಂಜೆ ತಾನೇ ಆ ತರಗತಿಗೆ ಹೋಗಿ ನೋಡಿ, ಗುರುವಿನೊಡನೆ ಮಾತನಾಡಿ ಬಂದು ಹೇಳಿದಳು: “ಹಗ್ಗ ಆಡಲಿ, ಚೀಲ ಗುದ್ದಲಿ, ಕಾಲು ಹಾಕುವುದನ್ನು ಕಲಿಯಲಿ. ಇನ್ನೊಬ್ಬರ ತಲೆಗೆ ಇವನು ಹೊಡೆಯಕೂಡದು. ಇವನ ತಲೆಗೆ ಇನ್ನೊಬ್ಬರು ಹೊಡೆಯಕೂಡದು. ಇದಕ್ಕೆ ಆ ಗುರುಗಳು ಒಪ್ಪಿದ್ದಾರೆ. ಇವನು ಒಪ್ಪಿದರೆ ಸೋಮವಾರದಿಂದ ಹೋಗಲಿ, ಮಾವ.”

ಮೊಮ್ಮಗನು ಒಪ್ಪಿದನು. ಈಗ ಪ್ರತಿದಿನ ಸಂಜೆ ಬೆವರಿ ಬಂದು, ರಾತ್ರಿ ಎರಡು ರೊಟ್ಟಿ ಹೆಚ್ಚಾಗಿ ತಿಂದು, ಬೇಗನೆ ಮಲಗುತ್ತಾನೆ. ಚೀಲದಲ್ಲಿ ಇನ್ನೂ ತಗ್ಗು ಬಿದ್ದಿಲ್ಲವಂತೆ. ಬೀಳದಿದ್ದರೂ ನಮಗೆ ಚಿಂತೆಯಿಲ್ಲ.